ಮುಂದಿನ ಸೀಟಿನವಳು

ಮಾರ್ಚ್ 11, ಮಂಗಳವಾರ

ಕಂಬ ಅಲ್ಲೇ ಇತ್ತು. ಕಾರುಗಳು ನುಗ್ಗದಿರಲಿ ಎಂದು ನಮ್ಮ ಹಳ್ಳಿ ಫೇರ್ವರ್ಡಿನ ಸೈಕಲ್ ದಾರಿಯ ನಟ್ಟನಡುವೆ ಕೆಂಪು ಬಿಳಿ ಪಟ್ಟೆ ಬಳಿದುಕೊಂಡು ಎಷ್ಟೋ ವರ್ಷದಿಂದ ನಿಂತಿದೆ. ನನ್ನ ಗಂಡ ಮೆನ್ನೊ ಅದರ ಪಕ್ಕದಲ್ಲಿ ಸಾವಿರ ಸಲ ಹೋಗಿರಬೇಕು. ಇವತ್ತು ನೆಟ್ಟಗೆ ಅದಕ್ಕೇ ಗುದ್ದಿ, ಹ್ಯಾಂಡಲ್ ಮೇಲಿಂದ ಹಾರಿ ಹುಲ್ಲಿನಲ್ಲಿ ಬಿದ್ದ. ನಾನು ಎಂದಿನಂತೆ ಅವನ ಹಿಂದಿದ್ದೆ. ಓಡಿಹೋಗಿ ಎಬ್ಬಿಸಿದರೆ ಮೊದಲ ಮಾತು, "ಯಾವನವನು ಇಲ್ಲಿ ಕಂಬ ನೆಟ್ಟೋನು?"

ಆಗಷ್ಟೇ ಪಟ್ಟಣದ ಕಣ್ಣಿನ ಆಸ್ಪತ್ರೆಗೆ ಹೋಗಿ ಬಸ್ಸಿಳಿದಿದ್ದೆವು. ಡಾಕ್ಟರಮ್ಮ ಸುತ್ತಿ ಬಳಸಿ ಹೇಳುವವಳಲ್ಲ. ಎಡಗಣ್ಣಿನ ಹಾಗೆ ಬಲಗಣ್ಣಿನ ನಡುಭಾಗವೂ ಕೆಟ್ಟಿದೆ, ಸೂಜಿಮದ್ದು ಕೊಟ್ಟು ತಡೆಯಲು ನೋಡೋಣ, ಹೋದದ್ದು ಮರಳಿ ಬರುವುದಿಲ್ಲ, ಇನ್ನು ಒಬ್ಬರೇ ಸೈಕಲ್ ಓಡಿಸಬೇಡಿ. ಮೆನ್ನೊ ಅವಳ ಕೈ ಕುಲುಕಿ, ಹೊರಗೆ ಬಂದು, ಬಸ್ಸಿನಲ್ಲಿ ಬಂದಿಳಿದು ನಮ್ಮೂರ ನಿಲ್ದಾಣದಲ್ಲಿ ಬಿಟ್ಟಿದ್ದ ಸೈಕಲ್ ಹತ್ತಿದ.

ಮನೆಯಲ್ಲಿ ಮಂಡಿಗೆ ಪಟ್ಟಿ ಕಟ್ಟುತ್ತ ಕೇಳಿದೆ, "ಡಾಕ್ಟರು ಹೇಳಿದ್ದು ಕೇಳಿಸ್ಲಿಲ್ವಾ ನಿಂಗೆ?"

"ಕಣ್ಣು ಹೋಗಿದೆ ಅಂದ್ಲು. ಕಿವಿ ಹೋಗಿದೆ ಅನ್ಲಿಲ್ಲ."

ಆಮೇಲೆ ಬಚ್ಚಲಿಗೆ ಹೋಗಿ ತುಂಬ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದ.

ಮಾರ್ಚ್ 23, ಭಾನುವಾರ

ಮಗಳು ಫೆನ್ನಾ ಝ್ವೊಲ್ಲೆಯಿಂದ ಕಾರಿನ ತಲೆ ಮೇಲೆ ಒಂದು ಉದ್ದನೆಯ ಸೈಕಲ್ ಕಟ್ಟಿಕೊಂಡು ಬಂದಳು. ಇಬ್ಬರು ಕೂತು ತುಳಿಯುವಂಥದ್ದು, ಕಡು ನೀಲಿ, ಯಾರೋ ಬಳಸಿ ಬಿಟ್ಟದ್ದು. ಎರಡು ಸೀಟು, ಎರಡು ಹ್ಯಾಂಡಲ್, ಆದರೆ ತಿರುಗಿಸುವುದು, ಬ್ರೇಕ್ ಹಾಕುವುದು ಎಲ್ಲಾ ಮುಂದಿನವರ ಕೈಯಲ್ಲಿ.

ಮೆನ್ನೊ ನೇರ ಮುಂದಿನ ಸೀಟು ಹತ್ತಿದ. "ಶಾಲೆ ಮಕ್ಕಳಿಗೆ ಜೀವಮಾನ ಪೂರ್ತಿ ಆಟ ಕಲಿಸಿದೋನು ನಾನು. ಬ್ಯಾಲೆನ್ಸ್ ಏನೂಂತ ನಂಗೆ ಗೊತ್ತು."

ಇಗರ್ಜಿಯ ಸುತ್ತ ಒಂದು ಸುತ್ತೂ ಪೂರ್ತಿಯಾಗಲಿಲ್ಲ. ಪಕ್ಕದ ಮನೆ ಯಾಂಟಿನಾಳ ಹೂಕುಂಡಗಳ ಮಧ್ಯೆ ಬಿದ್ದೆವು. ಅವಳು ಕಿಟಕಿ ತೆಗೆದು, ನಮ್ಮ ಕಡೆಯ ನಮಸ್ಕಾರದೊಂದಿಗೆ, "ಮೊಯ್! ಕಾಫಿಗೆ ಬಂದ್ರಾ? ಬಾಗಿಲು ಆ ಕಡೆ ಇದೆ," ಅಂದಳು. ಆ ಹೆಂಗಸಿನ ಬಾಯಿಗೆ ರಜೆ ಅಂತ ಇಲ್ಲ.

"ಅಪ್ಪಾ, ಅಮ್ಮ ಮುಂದೆ ಕೂರ್ಲಿ," ಅಂದಳು ಫೆನ್ನಾ.

"ನಿಮ್ಮಮ್ಮನಾ? ಅವಳಿಗೆ ಎಡ ಯಾವುದು ಬಲ ಯಾವುದು ಗೊತ್ತಾಗಲ್ಲ."

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಮದುವೆಯಾದಾಗಿನಿಂದ ನಾನು ಅವನ ಬೆನ್ನು ನೋಡಿಕೊಂಡೇ ಸೈಕಲ್ ತುಳಿದದ್ದು. ಬೆನ್ನು ತಿರುಗಿದ ಕಡೆ ನಾನೂ ತಿರುಗಿದ್ದೇನೆ. ಎದುರಿಗೆ ಒಂದು ಬೆನ್ನಿಲ್ಲದೆ ನನಗೆ ನಮ್ಮೂರ ಬೇಕರಿಯೂ ಸಿಗಲಿಕ್ಕಿಲ್ಲ. ಫೆನ್ನಾಗೆ ಹಾಗೇ ಹೇಳಿದೆ. ಸೈಕಲ್ ಶೆಡ್ಡಿಗೆ ಹೋಯಿತು.

ಏಪ್ರಿಲ್ 4, ಶುಕ್ರವಾರ

ಕಿಟಕಿ ಪಕ್ಕ ಕೂರುತ್ತಾನೆ. ರೇಡಿಯೊ. ಹೊರಗೆ ಟಿಟ್ಟಿಭ ಹಕ್ಕಿಗಳು ಹೊಲದ ಮೇಲೆ ಕಿರುಚುತ್ತಿವೆ, ಹವಾಮಾನ ಚೆನ್ನಾಗಿದೆ, ಬಾ ನಡೆದು ಬರೋಣ ಅಂದರೆ, "ನೀನು ಹೋಗು," ಅಂತ ಕಿಟಕಿ ಪರದೆಗೆ ಹೇಳುತ್ತಾನೆ. ನನಗಲ್ಲ, ಪರದೆಗೆ. ಈಗೀಗ ಮುಖ ಕೊಟ್ಟು ಮಾತಾಡುವುದೇ ಇಲ್ಲ. ನಾನು ಏನು ಮಾಡಿದೆ ಇವನಿಗೆ?

ಏಪ್ರಿಲ್ 9, ಬುಧವಾರ

ಸಾಸಿವೆ ಸೂಪು ಮಾಡಿದೆ. ಕುಡಿದ. ಪರದೆಗೆ ಚೆನ್ನಾಗಿದೆ ಅಂದ.

ಏಪ್ರಿಲ್ 17, ಗುರುವಾರ

ಯಾಂಟಿನಾ ಬೆಳಿಗ್ಗೆಯೇ ಬಂದು ಶೆಡ್ಡಿನ ಬಾಗಿಲು ತೆರೆದು ನಿಂತಳು. "ಏ ಹಿಲ್ಕಾ, ಈ ಉದ್ದ ಪ್ರಾಣಿ ಇಲ್ಲಿ ಜೇಡ ಸಾಕ್ಕೊಂಡು ಬಿದ್ದಿದೆ. ನಡಿ, ನಾನು ಹಿಂದೆ ಕೂರ್ತೀನಿ. ಗಾರ್ನ್ವರ್ಡಲ್ಲಿ ಕಾಫಿ ಕುಡಿದು ಬರೋಣ."

"ನಂಗೆ ಮುಂದೆ ಕೂರಕ್ಕೆ ಬರಲ್ಲ ಮಾರಾಯ್ತಿ."

"ನಂಗೆ ಹಿಂದೆ ಕೂರಕ್ಕೂ ಬರಲ್ಲ. ಸರಿಹೋಯ್ತಲ್ಲ."

ಹೇಗೋ ಹತ್ತಿದೆವು. ಹೊಳೆಯ ದಂಡೆಗುಂಟ, ಹುಲ್ಲುಗಾವಲಿನ ನಡುವೆ, ಕಾರು ಲಾರಿಯ ಸುಳಿವಿಲ್ಲದ ಸಪೂರ ಕಾಂಕ್ರೀಟು ದಾರಿ. ಗಾಳಿ ಎದುರಿಗೆ. ನಮ್ಮ ಕಡೆ ಗುಡ್ಡ ಇಲ್ಲ, ಆ ಕೆಲಸ ಗಾಳಿ ವಹಿಸಿಕೊಂಡಿದೆ. ಅರ್ಧ ದಾರಿಗೆ ನನ್ನ ಕಾಲು ಸೋತು ಬಂತು.

"ಯಾಂಟಿನಾ, ತುಳೀತಾ ಇದೀಯಾ?"

"ತುಳೀತಿದೀನಿ."

"ಕಾಲಲ್ಲಿ?"

"ಮನಸ್ಸಲ್ಲಿ."

ನಕ್ಕು ನಕ್ಕು ಸೈಕಲ್ ಓಲಾಡಿತು. ಗಾಳಿಯಂತ್ರದ ಕೆಳಗೆ ಕಾಫಿ ಕುಡಿದೆವು. ಮನೆಗೆ ಬಂದರೆ ಮೆನ್ನೊ ಗೇಟಿನಲ್ಲಿ ನಿಂತಿದ್ದ.

"ಅಷ್ಟು ಜೋರಾಗಿ ನಗ್ತಾ ಯಾರು ಸೈಕಲ್ ಹೊಡೀತಾರೆ? ಇಗರ್ಜಿ ಹತ್ರದಿಂದಲೇ ಇಲ್ಲಿಗೆ ಕೇಳ್ತಿತ್ತು."

"ನಗೋದಕ್ಕೂ ಲೈಸೆನ್ಸ್ ಬೇಕಾ?" ಅಂದಳು ಯಾಂಟಿನಾ.

ಏಪ್ರಿಲ್ 19, ಶನಿವಾರ

ಕಸ ಹಾಕಲು ಹೋದರೆ ಮೆನ್ನೊ ಟೋಪಿ ಹಾಕಿಕೊಂಡು ಶೆಡ್ಡಿನ ಮುಂದೆ ನಿಂತಿದ್ದಾನೆ.

"ಏನು?"

"ಏನಿಲ್ಲ. ಯಾಂಟಿನಾ ತುಳಿಯೋದೇ ಇಲ್ಲ ಅಂತ ಕೇಳ್ಪಟ್ಟೆ. ನಿನ್ನ ಮಂಡಿ ಹಾಳಾಗತ್ತೆ."

ನಾನು ಕೋಟು ತರಲು ಒಳಗೆ ಓಡಿದೆ. ಅವನಿಗೆ ಮನಸ್ಸು ಬದಲಾದರೆ ಎಂಬ ಭಯಕ್ಕೆ ಕೈಯಲ್ಲಿದ್ದ ಕಸವನ್ನೂ ಒಳಗೇ ಒಯ್ದಿದ್ದೆ.

ಮೇ 2, ಶುಕ್ರವಾರ

ಹಿಂದಿನ ಸೀಟಿನಿಂದ ಸೈಕಲ್ ಓಡಿಸಬಹುದೆಂದು ನನಗೆ ಗೊತ್ತಿರಲಿಲ್ಲ. ಮೆನ್ನೊ ಓಡಿಸುತ್ತಾನೆ. "ಗೇರು ಇಳಿಸು. ಎಡಕ್ಕೆ ಸರಿ. ಈಗ ದಾರಿಗೆ ಅಡ್ಡ ಬಾಗಿಲು ಬರುತ್ತೆ, ಕುರಿ ಬಾಗಿಲು, ಇಳಿ." ಎಲ್ಲಾ ದಾರಿ ಅವನ ತಲೆಯಲ್ಲಿದೆ. ಇವತ್ತು ಶಾಲೆಯ ಹಳೆಯ ಸೀಟಿ ಹುಡುಕಿ ಕೊರಳಿಗೆ ಹಾಕಿಕೊಂಡು ಬಂದ. ನಾನು ನಿಧಾನವಾದರೆ ಪೀಂ. ಅಂಚಿಗೆ ಹೋದರೆ ಪೀಂ ಪೀಂ. ಎಝಿಂಗೆಯ ಹತ್ತಿರ ಹಸುಗಳು ಕೂಡ ತಲೆ ಎತ್ತಿ ನೋಡಿದವು. ನಾನು ಎಲ್ಲದಕ್ಕೂ ಹೂಂ ಅಂದೆ. ಅವನಿಗೆ ಅಷ್ಟಾದರೂ ಇರಲಿ.

ಮೇ 8, ಗುರುವಾರ

ಜಗಳ. ಬರೆಯುವ ಮನಸ್ಸಿಲ್ಲ.

ಮೇ 9, ಶುಕ್ರವಾರ

ಬರೆದೇ ಬಿಡುತ್ತೇನೆ.

ನಿನ್ನೆ ನೀಹೋವೆಗೆ ಹೊರಟಿದ್ದೆವು. ಹೊಳೆ ದಾಟಿದ ಮೇಲೆ ಒಂದು ಕಡೆ ಕಾಂಕ್ರೀಟು ಚಪ್ಪಡಿ ಎದ್ದು ನಿಂತಿದೆ. ಮುಂದೆ ಕೂತವರು "ಉಬ್ಬು!" ಅಂತ ಕೂಗಬೇಕು, ಹಿಂದಿನವರು ಸೀಟಿನಿಂದ ಸ್ವಲ್ಪ ಏಳಬೇಕು. ನಾನು ಮರೆತೆ. ಮೆನ್ನೊನ ಕೆಳಭಾಗಕ್ಕೆ ಚೆನ್ನಾಗಿಯೇ ಪೆಟ್ಟು ಬಿತ್ತು. ಅವನು ಕೂಗಾಡಿ ಸೀಟಿ ಊದಿದ, ಉದ್ದಕ್ಕೆ, ಆಟದಿಂದ ಹೊರಗೆ ಕಳಿಸುವಾಗ ಊದುತ್ತಾರಲ್ಲ ಹಾಗೆ.

ನಾನು ಬ್ರೇಕ್ ಒತ್ತಿ ಕೆಳಗಿಳಿದೆ. ಏನೇನು ಅಂದೆನೋ. ಆ ಸೀಟಿ ಹೊಳೆಗೆ ಎಸೀತೀನಿ ಅಂದೆ. ನಾನೇನು ನಿನ್ನ ಶಾಲೆ ಹುಡುಗೀನಾ ಅಂದೆ. ಕೊನೆಗೆ, "ಎಷ್ಟು ವಾರ ಆಯ್ತು ನೀನು ನನ್ನ ಮುಖ ನೋಡಿ ಮಾತಾಡಿ? ಪರದೆ ಹತ್ರ ಮಾತಾಡ್ತೀಯ, ಗೋಡೆ ಹತ್ರ ಮಾತಾಡ್ತೀಯ. ನನ್ನ ಮುಖ ಅಷ್ಟು ಬೇಡವಾಯ್ತಾ?" ಅಂದೆ.

ಅವನು ಕುರಿ ಬಾಗಿಲು ತಡಕಿ ತೆಗೆದು, ಏರಿಯ ಮೇಲೆ ಹೊರಟುಹೋದ. ಹೋಗಲಿ ಅಂತ ಬಿಟ್ಟೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಇಳಿಜಾರು, ಕಣ್ಣು ಕಾಣದ ಮನುಷ್ಯ, ಆದರೂ ಬಿಟ್ಟೆ. ಬುಟ್ಟಿಯಲ್ಲಿ ದ್ರಾಕ್ಷಿ ಬನ್ನು ಎರಡಿದ್ದವು. ಸಿಟ್ಟಿನಲ್ಲಿ ಎರಡನ್ನೂ ತಿಂದೆ. ತಿನ್ನುತ್ತಲೇ ಭಯ ಶುರುವಾಯಿತು. ಸೈಕಲ್ಲನ್ನು ಬೇಲಿಗೆ ಒರಗಿಸಿ ಓಡಿದೆ.

ಏರಿಯ ಹುಲ್ಲಿನ ಮೇಲೆ ಕೂತಿದ್ದ. ಸುತ್ತ ಕುರಿಗಳು, ಅವನೂ ಒಬ್ಬ ಎಂಬ ಹಾಗೆ. ನಾನು ಎದುರಿಗೆ ಹೋಗಿ ಕುಕ್ಕರಿಸಿದೆ. ಅವನು ಮುಖ ತಿರುಗಿಸಿ ಹೊಳೆ ನೋಡಿದ. ಮತ್ತೆ ಸಿಟ್ಟು ಬಂತು.

"ನೋಡು, ಈಗ್ಲೂ ನೋಡಲ್ಲ."

"ನೋಡ್ತಾ ಇದೀನಿ," ಅಂದ ಹೊಳೆಯ ಕಡೆಗೆ. "ನೇರ ನೋಡಿದ್ರೆ ನಿನ್ನ ಮುಖ ಇಲ್ಲ ಹಿಲ್ಕಾ. ಅಲ್ಲೊಂದು ಬೂದು ಮಚ್ಚೆ ಇರತ್ತೆ, ಅಷ್ಟೆ. ಆ ಕಡೆ, ಪರದೆ ಕಡೆ ಕಣ್ಣು ಇಟ್ರೆ ಅಂಚಲ್ಲಿ ಸ್ವಲ್ಪ ಸಿಗ್ತೀಯ. ನಗ್ತಾ ಇದೀಯೋ ಇಲ್ವೋ ಅನ್ನೋವಷ್ಟು."

ಎಲ್ಲಾ ವಾರಗಳೂ ಒಟ್ಟಿಗೆ ನೆನಪಾದವು. ಅವನು ಪರದೆಗೆ ಹೇಳಿದ್ದು ಒಂದೊಂದೂ.

"ಯಾಕೆ ಹೇಳ್ಲಿಲ್ಲ?"

"ಹೆಂಡತೀಗೆ ಹೋಗಿ ನಿನ್ನ ಮುಖ ಇಲ್ಲ ಅಂತ ಹೇಗೆ ಹೇಳೋದು?"

ನಾನು ಎದ್ದು ಅವನ ಪಕ್ಕಕ್ಕೆ ಹೋಗಿ, ಸ್ವಲ್ಪ ಹಿಂದೆ ಸರಿದು, ಸ್ವಲ್ಪ ಮುಂದೆ ಬಂದು ಕೂತೆ. "ಈಗ?"

"ಇನ್ನೂ ಸ್ವಲ್ಪ ಮುಂದೆ. ಹಾಂ. ಈಗ ಸಿಕ್ಕಿದೆ." ಹೊಳೆ ನೋಡುತ್ತಲೇ ಇದ್ದ. "ತುಟಿಗೆ ಏನೋ ಅಂಟಿದೆ. ಬನ್ನಾ ಅದು? ನಂದೂ ತಿಂದ್ಯಾ?"

ಅತ್ತೆನೋ ನಕ್ಕೆನೋ ಗೊತ್ತಿಲ್ಲ. ಕುರಿಗಳು ಎದ್ದು ದೂರ ಹೋದವು.

ಜೂನ್ 1, ಭಾನುವಾರ

ಊಟದ ಮೇಜು ತಿರುಗಿಸಿದ್ದೇನೆ. ಮೆನ್ನೊ ಕಿಟಕಿ ನೋಡಿ ಕೂತರೆ ನಾನು ಅವನ ಎಡ ಅಂಚಿನಲ್ಲಿ ಬರುತ್ತೇನೆ. ಯಾಂಟಿನಾ, "ಇದೇನು, ರೈಲಿನಲ್ಲಿ ಕೂತ ಹಾಗೆ ಕೂತಿದೀರಲ್ಲ," ಅಂದಳು.

ಸೈಕಲ್ಲಿನಲ್ಲಿ ಈಗ ಸೀಟಿ ಇಲ್ಲ. ಬದಲಿಗೆ ನನ್ನ ಬಾಯಿ. ದಾರಿಯ ಪಕ್ಕದ್ದೆಲ್ಲ ಅವನಿಗೆ ಅಷ್ಟಿಷ್ಟು ಕಾಣುತ್ತದೆ, ಮುಂದಿನದು ಕಾಣುವುದಿಲ್ಲ. ಮುಂದಿನದನ್ನು ನಾನು ಹೇಳುತ್ತೇನೆ. ನೀಹೋವೆಯ ಇಗರ್ಜಿ ತನ್ನ ದಿಬ್ಬದ ಮೇಲೆ, ಮನೆಗಳನ್ನೆಲ್ಲ ಸೆರಗಿಗೆ ಕಟ್ಟಿಕೊಂಡ ಹಾಗೆ. ಒಂದು ಮೊಲ, ಅದಕ್ಕೆ ನಮ್ಮ ಮೇಲೆ ಗೌರವ ಇಲ್ಲ. ಅವನು, "ಆಮೇಲೆ?" ಅನ್ನುತ್ತಾನೆ. ಇಷ್ಟು ವರ್ಷದಲ್ಲಿ ನನ್ನ ಮಾತಿಗೆ ಅವನು ಆಮೇಲೆ ಅಂದದ್ದು ನನಗೆ ನೆನಪಿಲ್ಲ.

ಜೂನ್ 12, ಗುರುವಾರ

ಇವತ್ತು ಎಝಿಂಗೆ ತಲುಪುವ ಹೊತ್ತಿಗೆ ಹೇಳಲು ಏನೂ ಉಳಿದಿರಲಿಲ್ಲ. ಹುಲ್ಲು, ಹಸು, ಹುಲ್ಲು. ಅವನು, "ಆಮೇಲೆ?" ಅಂದ. ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ಪಾದ್ರಿ ಎಲೆಮಾ ಮನೆ ಹಗ್ಗದ ಮೇಲೆ ಚಡ್ಡಿ ಒಣಗ್ತಿದೆ. ಟ್ಯೂಲಿಪ್ ಹೂವಿಂದು. ಕೆಂಪು."

"ದೊಡ್ಡ ಹೂವಾ ಚಿಕ್ಕದಾ?"

"ದೊಡ್ಡದು. ಒಂದೊಂದು ಕಡೆ ಒಂದೊಂದು."

ಅವನು ನಕ್ಕದ್ದು ಪೆಡಲಿನಲ್ಲಿ ನನ್ನ ಕಾಲಿಗೆ ತಿಳಿಯಿತು.

ಜೂನ್ 15, ಭಾನುವಾರ

ಮೆನ್ನೊ ಶುಕ್ರವಾರ ಹಾಡಿನ ಮಂಡಳಿಯಲ್ಲಿ ಅದನ್ನು ಹೇಳಿದ್ದಾನೆ! ಅಲ್ಲಿಂದ ಬೇಕರಿಗೆ ಹೋಗಿದೆ, ಬೇಕರಿಯಿಂದ ಎಲ್ಲ ಕಡೆಗೆ. ಇವತ್ತು ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಗಳೇ ಬಾಗಿಲಲ್ಲಿ ನನ್ನ ಕೈ ಹಿಡಿದರು. "ಹಿಲ್ಕಾ ಅವರೇ, ನನ್ನ ಹತ್ರ ಅಂಥ ಚಡ್ಡಿ ಇಲ್ಲ. ಎಲ್ಲಿ ಸಿಗತ್ತೆ ಅಂತ ಗೊತ್ತಾದ್ರೆ ಹೇಳಿ."

ಹೊರಗೆ ಬಂದು ಮೆನ್ನೊನ ತೋಳು ಚಿವುಟಿದೆ. "ಸುಳ್ಳು ಅಂತ ನಿಂಗೆ ಅವತ್ತೇ ಗೊತ್ತಿತ್ತು ತಾನೆ?"

"ಆ ಮನುಷ್ಯ ಕಾಲುಚೀಲಕ್ಕೂ ಇಸ್ತ್ರಿ ಹಾಕೋನು. ಗೊತ್ತಾಗದೆ ಏನು?"

"ಮತ್ಯಾಕೆ ಹೇಳ್ದೆ?"

"ಚೆನ್ನಾಗಿತ್ತು."

ನಮ್ಮ ಕಡೆ ಹೊಗಳಿಕೆ ಎಂದರೆ 'ಇದಕ್ಕಿಂತ ಕೆಟ್ಟದಿರಬಹುದಿತ್ತು' ಅನ್ನುವುದು. ಚೆನ್ನಾಗಿತ್ತು ಅಂತ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ದಾರಿಯುದ್ದಕ್ಕೂ ನನಗೆ ಸೆಕೆ.

ಜೂನ್ 28, ಶನಿವಾರ

ಹಳದಿ ಜಾಕೆಟ್ ಕೊಂಡೆ. ಅಂಗಡಿಯಲ್ಲಿ ಬೇರೆ ಬಣ್ಣ ಇರಲಿಲ್ಲ. ಬೂದು ಇತ್ತು, ಅದು ಬೇರೆ ಮಾತು.

ಹೊಳೆ ದಂಡೆಯಲ್ಲಿ ಹಿಂದಿನಿಂದ ಒಂದು ಸೈಕಲ್ ಗುಂಪು ಬಂತು, ಮೈಗೆ ಅಂಟಿದ ಬಟ್ಟೆಯ ಗಂಡಸರು, ಲೋಕದ ದಾರಿಯೆಲ್ಲ ತಮ್ಮದೆಂಬ ಹಾಗೆ ಗಂಟೆ ಬಾರಿಸುತ್ತ. "ಬದಿಗೆ ಹೋಗಮ್ಮಾ!" ಅಂದ ಒಬ್ಬ. ಮುಂಚೆಯಾದರೆ ಹುಲ್ಲಿಗಿಳಿದು ಕ್ಷಮೆಯನ್ನೂ ಕೇಳುತ್ತಿದ್ದೆ. ಇವತ್ತು ಗಾಳಿ ಬೇರೆ ಎದುರಿಗಿತ್ತು, ಸುಮ್ಮನೆ ಯಾಕೆ ಇಳಿಯುವುದು? "ಮುಂದೆ ಸೇತುವೆ ಇದೆ, ಅಲ್ಲೀತನಕ ನನ್ನ ಹಿಂದೆ ಬಾಪ್ಪಾ, ಗಾಳಿ ಕಮ್ಮಿ ಆಗತ್ತೆ ನಿಂಗೂ," ಅಂದೆ. ಬಂದರು, ಸಾಲಾಗಿ, ಬಾತುಕೋಳಿ ಮರಿಗಳ ಹಾಗೆ. ಮೆನ್ನೊ ಹಿಂದೆ ಒಬ್ಬೊಬ್ಬರಿಗೂ ಮೊಯ್ ಹೇಳುತ್ತಿದ್ದ.

ಆಮೇಲೆ ಅವನು ಬಲಕ್ಕೆ ಅಂದ, ನಾನು ಎಡಕ್ಕೆ ಹೋದೆ. ಎಡಗಡೆ ನೆರಳಿತ್ತು.

ಜುಲೈ 20, ಭಾನುವಾರ



ಗಾಳಿ ಬೆನ್ನಿಗಿತ್ತು. ದಾರಿ ಖಾಲಿ, ನೆಟ್ಟಗೆ, ಕಣ್ಣು ಹೋಗುವ ತನಕ. ನಾನು ಸ್ವಲ್ಪ ಜೋರಾಗಿ ಬಿಟ್ಟೆ. ಮತ್ತೂ ಸ್ವಲ್ಪ ಬಿಟ್ಟೆ. ಹಳದಿ ಜಾಕೆಟ್ ಪಟಪಟ ಅನ್ನುತ್ತಿತ್ತು. "ಹಿಲ್ಕಾ, ನಿಧಾನ!" ಅಂದ ಮೆನ್ನೊ. ಕೇಳಿಸಿತು. ಕೇಳಿಸಿಯೂ ತುಳಿದೆ, ಅಷ್ಟು ಸುಖವಾಗಿತ್ತು. ದಾರಿ ತಿರುಗಿತು, ನಾವು ತಿರುಗಲಿಲ್ಲ. ನೇರ ಹೊಲದ ಕಾಲುವೆಗೆ ಹೋದೆವು.

ನೀರು ಸೊಂಟದ ತನಕ, ಮೇಲೆ ದಪ್ಪಗೆ ಹಸಿರು ಪಾಚಿ. ನಾನು ಎದ್ದು ನಿಂತೆ. ಮೆನ್ನೊ ಇರಲಿಲ್ಲ. ಸೈಕಲ್ಲಿನ ಹಿಂದಿನ ಚಕ್ರ ಮೇಲೆ ತಿರುಗುತ್ತಿತ್ತು, ಹಸಿರು ಸಪಾಟಾಗಿತ್ತು, ಅವನು ಎಲ್ಲೂ ಇರಲಿಲ್ಲ. ಕೆಸರಿನಲ್ಲಿ ಕೈ ಆಡಿಸುತ್ತ ಅವನ ಹೆಸರು ಕೂಗಿದೆ. ಕೋಟಿನ ಕಾಲರ್ ಸಿಕ್ಕಿತು, ಎಳೆದೆ. ಬಂದ. ತಲೆಯಿಂದ ಗದ್ದದ ತನಕ ಪಾಚಿ, ಕೆಮ್ಮು.

"ಮೆನ್ನೊ! ನಾನು ಕಾಣ್ತೀನಾ? ಏನು ಕಾಣ್ತಾ ಇದೆ?"

"ಎಲ್ಲಾ ಹಸಿರು."

"ನಂಗೂ," ಅಂದೆ.

ಆಮೇಲೆ ಅವನು ನಗಲು ಶುರುಮಾಡಿದ. ಪಕ್ಕೆ ಹಿಡಿದುಕೊಂಡು, ಅಯ್ಯೋ ಅಮ್ಮಾ ಅನ್ನುತ್ತ, ನಗುತ್ತಲೇ ಇದ್ದ. ನನಗೆ ಮಾತ್ರ ನಗು ಬರಲಿಲ್ಲ. ಅವನ ಕಾಲರ್ ಬಿಡಲೇ ಇಲ್ಲ ನಾನು, ಹೊಲದ ರೈತ ಟ್ರ್ಯಾಕ್ಟರ್ ತಂದು ಹಗ್ಗ ಎಸೆದ ಮೇಲೂ. ರೈತನ ಹೆಂಡತಿ ಮೊದಲು ಫೋಟೊ ತೆಗೆದು, ಆಮೇಲೆ ಟವೆಲ್ ಕೊಟ್ಟಳು.

ಮೆನ್ನೊನ ಪಕ್ಕೆಲುಬು ಒಂದು ಬಿರುಕು ಬಿಟ್ಟಿದೆ. ಕಟ್ಟು ಬೇಡ, ಸುಮ್ಮನಿದ್ದರೆ ಕೂಡಿಕೊಳ್ಳುತ್ತದೆ ಅಂದರು ಡಾಕ್ಟರು.

ಜುಲೈ 22, ಮಂಗಳವಾರ

ಫೋಟೊ ಝ್ವೊಲ್ಲೆ ತನಕ ಹೋಗಿದೆ. ಫೆನ್ನಾ ಕಾರಿಂದ ಇಳಿದವಳೇ ಶೆಡ್ಡಿಗೆ ಹೋದಳು.

"ಇದನ್ನ ಇವತ್ತೇ ತಗೊಂಡು ಹೋಗ್ತೀನಿ. ನಾನೇ ತಂದಿದ್ದು, ನಾನೇ ತಗೊಂಡು ಹೋಗ್ತೀನಿ."

"ಒಳಗೆ ಬಾ. ಮೊದಲು ಕಾಫಿ."

"ಕಾಫಿ ಬೇಡ ಅಮ್ಮಾ! ಅಪ್ಪಂಗೆ ಕಣ್ಣು ಕಾಣಲ್ಲ. ನೀರೊಳಗೆ ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗದೆ ಅಲ್ಲೇ ಇದ್ದುಬಿಟ್ಟಿದ್ರೆ?" ನಾನೂ ಇದನ್ನೇ ಹಾಸಿಗೆಯಲ್ಲಿ ಮತ್ತೆ ಮತ್ತೆ ನೋಡಿದ್ದೇನೆ, ಆ ಸಪಾಟು ಹಸಿರನ್ನು.

"ನೀನು ಹೇಳೋದು ಸರಿ," ಅಂದೆ. "ಅವನು ನಿಧಾನ ಅಂದ, ನಾನು ಕೇಳ್ಲಿಲ್ಲ. ಇನ್ನು ತಿರುವಲ್ಲಿ ಜೋರಾಗಿ ಬಿಡಲ್ಲ. ಆದ್ರೆ ಸೈಕಲ್ ಕೊಡಲ್ಲ."

"ಅಂದ್ರೆ?"

"ಕೊಡಲ್ಲ ಅಂದ್ರೆ ಕೊಡಲ್ಲ. ವಾರಗಟ್ಟಲೆ ಪರದೆ ನೋಡ್ಕೊಂಡು ಕೂತಿದ್ದ ನಿಮ್ಮಪ್ಪ. ನಾನೂ ಕೂತಿದ್ದೆ, ಅದು ನಿಂಗೆ ಗೊತ್ತಿಲ್ಲ."

ಫೆನ್ನಾ ಅಪ್ಪನ ಕಡೆ ತಿರುಗಿದಳು, ನಮ್ಮ ಮನೆಯಲ್ಲಿ ಕೊನೆಯ ಮಾತು ಅಲ್ಲಿಂದ ಬರುತ್ತದಲ್ಲ. "ಅಪ್ಪಾ, ನೀನಾದ್ರೂ ಹೇಳು."

ಮೆನ್ನೊ ಪಕ್ಕೆ ಹಿಡಿದುಕೊಂಡು, "ನನ್ನನ್ಯಾಕೆ ಕೇಳ್ತೀಯ? ಬ್ರೇಕು ಅವಳ ಹತ್ರ ಇದೆ," ಅಂದ.

ಆಮೇಲೆ ಕಾಫಿ ಕುಡಿದಳು. ಉಳಿದುಕೊಂಡಿದ್ದಾಳೆ.

ಜುಲೈ 23, ಬುಧವಾರ

ಬೆಳಿಗ್ಗೆ ಫೆನ್ನಾಳನ್ನು ಹಿಂದಿನ ಸೀಟಿಗೆ ಹತ್ತಿಸಿದೆ. "ನೀನೇ ಕೂತು ನೋಡು, ಆಮೇಲೆ ಬೈಯಿ," ಅಂದೆ. ಆಫೀಸಿಗೆ ಸೂಟು ಹಾಕಿ ಹೋಗುವ ಹುಡುಗಿ, ಮೊದಲು ಹ್ಯಾಂಡಲ್ಲನ್ನು ಕತ್ತು ಹಿಸುಕುವಂತೆ ಹಿಡಿದಿದ್ದಳು. ಗಾರ್ನ್ವರ್ಡ್ ದಾಟಿ ಹೊಳೆಗುಂಟ ಹೋದೆವು. ಉಬ್ಬು, ಅಂದೆ. ಬಾಗಿಲು, ಅಂದೆ. ಕೊಕ್ಕರೆ, ಸರ್ಕಾರಿ ಆಫೀಸರ್ ಥರ ನಿಂತಿದೆ, ಅಂದೆ. ತುಂಬ ಹೊತ್ತಿನ ಮೇಲೆ, "ಅಮ್ಮಾ, ಈ ದಾರಿ ಎಲ್ಲಿಗೆ ಹೋಗತ್ತೆ?" ಅಂದಳು.

"ಗೊತ್ತಿಲ್ಲ. ನೋಡೋಣ."

ಒಂದು ಕೊಟ್ಟಿಗೆಯ ಅಂಗಳಕ್ಕೆ ಹೋಗಿ ಮುಗಿಯಿತು. ನಾಯಿ ಬೊಗಳಿತು. ತಿರುಗಿಸಿಕೊಂಡು ಬಂದೆವು.

ಮಧ್ಯಾಹ್ನ ನಾನು ಹೊರಗೆ ಚಕ್ರಕ್ಕೆ ಗಾಳಿ ಹಾಕುತ್ತಿದ್ದೆ. ಅಡುಗೆಮನೆ ಕಿಟಕಿ ತೆರೆದಿತ್ತು.

"ಅಪ್ಪಾ, ಅಮ್ಮ ಯಾವಾಗಿಂದ ಹೀಗಾದ್ಲು?"

"ಎರಡು ಹೆಲ್ಮೆಟ್ ತಂದುಕೊಡು, ಅಷ್ಟು ಸಾಕು. ಏನೂ ಹೇಳೋಕೆ ಹೋಗ್ಬೇಡ ಅವಳಿಗೆ. ಗೊತ್ತಾದ್ರೆ ನಿಲ್ಲಿಸಿಬಿಡ್ತಾಳೆ."

ಏನು ಗೊತ್ತಾದರೆ, ಏನು ನಿಲ್ಲಿಸುತ್ತೇನೆ, ತಂದೆ ಮಗಳಿಗೇ ಗೊತ್ತು. ಹೋಗಿ ಕೇಳೋಣ ಅಂದರೆ ಹಿಂದಿನ ಟೈರು ಇನ್ನೂ ಮೆತ್ತಗಿತ್ತು. ಮೆನ್ನೊನ ಪಕ್ಕೆ ಕೂಡಿಕೊಂಡ ಮೇಲೆ ಝೌಟ್‌ಕಾಂಪಿಗೆ ಹೋಗಿ ಕರಿದ ಮೀನು ತಿನ್ನುವುದು. ಅಷ್ಟರ ತನಕ ಯಾಂಟಿನಾಗೆ ಕಾಲಿನಿಂದ ತುಳಿಯುವುದನ್ನು ಕಲಿಸಬೇಕು.